ಸರ್ವಿಸ್ ರಸ್ತೆಯಿಂದ ಕಾಣುವ ಮಂಡ್ಯ

ಗೆಜ್ಜಲಗೆರೆ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಪಂಚರ್ ಆಗಿ ನಿಂತಿತ್ತು. ಜಾಕಿ ತರಲು ಹುಡುಗನನ್ನು ಕಳಿಸಿ, ಐವತ್ತರ ಆಸುಪಾಸಿನ ಡ್ರೈವರು ಟ್ರೈಲರ್ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬೇಲಿಯಾಚೆ ಕಾರುಗಳು ಒಂದರ ಹಿಂದೊಂದು ಸುಂಯ್ ಎಂದು ಹೋಗುತ್ತಿದ್ದವು. ಮಾತಿಗೆ ಸಿಕ್ಕಿದವನು ಹೇಳಿದ: "ಮೊದ್ಲು ಇದೇ ರೋಡಲ್ಲಿ ನಾವೂ ಹೋಯ್ತಿದ್ದೊ, ಅವ್ರೂ ಹೋಯ್ತಿದ್ರು. ಮದ್ದೂರಲ್ಲಿ ಎಲ್ರೂ ಒಟ್ಟಿಗೇ ಜಾಮಲ್ಲಿ ನಿಂತ್ಕತ್ತಿದ್ದೊ. ಈಗ ಅವ್ರಿಗೆ ನಾವು ಕಾಣಕಿಲ್ಲ ಕಣಪ್ಪ."

ದೂರುವ ದನಿಯಲ್ಲಿ ಹೇಳಿದ್ದಲ್ಲ. ಮಳೆ ಬರಲಿಲ್ಲ ಅಂದಷ್ಟೇ ಸಹಜವಾಗಿ ಹೇಳಿದ. ಆದರೆ 'ಒಟ್ಟಿಗೇ ಜಾಮಲ್ಲಿ' ಎಂಬ ಮಾತು ನನ್ನ ಜತೆ ಬೆಂಗಳೂರಿನವರೆಗೂ ಬಂತು.

ಬೆಂಗಳೂರು-ಮೈಸೂರು ಹೆದ್ದಾರಿ 118 ಕಿ.ಮೀ. ಪ್ರಧಾನಿ ಅದನ್ನು ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ಇದೇ ಗೆಜ್ಜಲಗೆರೆಯಲ್ಲಿ. ಪತ್ರಿಕೆಗಳು ಇದನ್ನು ದಶಪಥ ಎಂದು ಕರೆದವು: ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಡುವಿನ ಆರು ಪಥ ಬಂದ್. ಅಪಘಾತಗಳು ಏರುತ್ತಿದ್ದವು, ಹಾಗಾಗಿ ನಿಷೇಧಕ್ಕೆ ಕಾರಣವಿತ್ತು. ಆದರೂ ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ಸಂಸಾರಕ್ಕೆ ಮೂರು ತಾಸಿನ ಮೈಸೂರು ಒಂದೂವರೆ ತಾಸಾಯಿತು. ರಸ್ತೆಯ ಆಚೆ ಗದ್ದೆ, ಈಚೆ ಮನೆ ಇರುವ ರೈತನಿಗೆ ಎರಡು ನಿಮಿಷದ ಗದ್ದೆ ಅಂಡರ್‌ಪಾಸ್ ಸುತ್ತಿ ಬರುವಷ್ಟು ದೂರವಾಯಿತು. ಮದ್ದೂರಿನಲ್ಲಿ ವಡೆ ಮಾರುವವರಿಗೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ಬೈಪಾಸ್ ಅಂದರೆ ಗಿರಾಕಿ ತಲೆಯ ಮೇಲಿಂದ ಹೋಗುವುದು.

'ಕಾಲ ಬಾಳ ಸ್ಪೀಡಾಗೋಯ್ತು, ತಲೆ ಕೆಡ್ತದೆ' ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ನನಗೆ ಅದರಲ್ಲಿ ಅರ್ಧ ಮಾತ್ರ ನಂಬಿಕೆ. ವೇಗವೊಂದೇ ಮನುಷ್ಯನ ಮನಸ್ಸನ್ನು ಅಷ್ಟಾಗಿ ಕೆಡಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಓಡಿದರೆ ಓಟಕ್ಕೂ ಒಗ್ಗಿಕೊಳ್ಳುತ್ತೇವೆ, ಒಟ್ಟಿಗೆ ನಿಂತರೆ ನಿಲ್ಲುವುದಕ್ಕೂ ಒಗ್ಗಿಕೊಳ್ಳುತ್ತೇವೆ. ಒಂದೇ ಊರಲ್ಲಿ, ಒಂದೇ ಮನೆಯಲ್ಲಿ, ಎಷ್ಟೋ ಸಲ ಒಬ್ಬನೇ ಮನುಷ್ಯನ ಒಳಗೆ, ಒಂದು ಭಾಗ ಓಡುತ್ತಾ ಇನ್ನೊಂದು ಭಾಗ ನಿಂತಾಗ ಕಷ್ಟ ಶುರುವಾಗುತ್ತದೆ. ಇದನ್ನು ನೋಡಲು ಮಂಡ್ಯದಷ್ಟು ಅನುಕೂಲದ ಜಾಗ ಬೇರೆ ಇಲ್ಲ. ನೂರು ವರ್ಷದಿಂದ ಈ ಜಿಲ್ಲೆಯ ಮೇಲೆ ಬೇರೆ ಬೇರೆ ವೇಗದ ಬದಲಾವಣೆಗಳು ಒಂದರ ಮೇಲೊಂದು ಬಂದು ಬಿದ್ದಿವೆ.

ಟ್ರ್ಯಾಕ್ಟರ್ ಡ್ರೈವರ್ ಹೇಳಿದ್ದನ್ನೇ ಹೆಚ್ಚುಕಡಿಮೆ ಅದೇ ಚಿತ್ರದಲ್ಲಿ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1973ರಲ್ಲಿ ಹೇಳಿದ್ದರು. ಒಂದೇ ದಿಕ್ಕಿಗೆ ಹೋಗುವ ಎರಡು ಪಥದ ಸುರಂಗ. ಎರಡೂ ಪಥ ಜಾಮ್. ನೀವು ಎಡ ಪಥದಲ್ಲಿ ಸಿಕ್ಕಿಕೊಂಡಿದ್ದೀರಿ. ಸ್ವಲ್ಪ ಹೊತ್ತಿಗೆ ಬಲ ಪಥ ನಿಧಾನಕ್ಕೆ ಚಲಿಸಲು ಶುರುವಾಗುತ್ತದೆ. ನಿಮ್ಮ ಗಾಡಿ ಇನ್ನೂ ನಿಂತಲ್ಲೇ ಇದ್ದರೂ ಮೊದಲು ನಿಮಗಾಗುವುದು ಖುಷಿ: ಮುಂದೆ ಎಲ್ಲೋ ಬಿಟ್ಟಿದೆ, ಇನ್ನು ನಮ್ಮ ಸರದಿ. ಹತ್ತು ನಿಮಿಷ ಕಳೆಯುತ್ತದೆ. ಬಲಗಡೆಯವರು ಹೋಗುತ್ತಲೇ ಇದ್ದಾರೆ, ನೀವು ಕದಲಿಲ್ಲ. ಆಗ ಅದೇ ನೋಟ ಸಿಟ್ಟು ತರಿಸುತ್ತದೆ. ಗೆರೆ ದಾಟಿ ನುಗ್ಗಬೇಕು ಅನ್ನಿಸುತ್ತದೆ. ಮೊದಲ ಹತ್ತು ನಿಮಿಷಕ್ಕೂ ನಂತರದ ಹತ್ತು ನಿಮಿಷಕ್ಕೂ ನಿಮ್ಮ ಸ್ಥಿತಿಯಲ್ಲಿ ಎಳ್ಳಷ್ಟೂ ಬದಲಾವಣೆ ಇಲ್ಲ, ಮನಸ್ಸು ಮಾತ್ರ ತಿರುವುಮುರುವಾಗಿದೆ.

ಹರ್ಷ್‌ಮನ್ ಇದರ ಜತೆಗೆ ಹೇಳಿದ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ. ಮುಂದೆ ಹೋದವರು 'ನಮ್ಮವರು' ಅನ್ನಿಸುವಷ್ಟು ಕಾಲ ಆ ಮೊದಲ ಖುಷಿ ಉಳಿಯುತ್ತದೆ. ತಮ್ಮ ಬೆಂಗಳೂರಲ್ಲಿ ಕಾರು ತೆಗೆದುಕೊಂಡರೆ ಅಣ್ಣನಿಗೂ ಒಂದು ಪಾಲಿನ ಹೆಮ್ಮೆ ಇರುತ್ತದೆ. ಹೋದವರು ಬೇರೆ ಜಾತಿ, ಬೇರೆ ಭಾಷೆ, ಬೇರೆ ಲೋಕ ಅನ್ನಿಸಿದ ಕ್ಷಣ ಖುಷಿ ಕರಗುತ್ತದೆ. ಹಾಗಿದ್ದರೆ ಅಣ್ಣತಮ್ಮಂದಿರ ನಡುವೆ ಏನಾಗುತ್ತದೆ? ನಾನು ಕಂಡಂತೆ ಒಂದಷ್ಟು ವರ್ಷ ಹೆಮ್ಮೆ, ಆಮೇಲೆ ಒಂದು ಮದುವೆಯಲ್ಲೋ ತಿಥಿಯಲ್ಲೋ ಯಾವುದೋ ಸಣ್ಣ ಮಾತು. ಆ ಮಾತು ಯಾವತ್ತೂ ದುಡ್ಡಿನದಾಗಿರುವುದಿಲ್ಲ. 'ಬಂದವನು ಕೈ ತೊಳೆಯೋಕೆ ಬಾಟ್ಲಿ ನೀರು ಕೇಳಿದ' ಎಂಬಂಥದ್ದು.

ಈ ಜಿಲ್ಲೆಯಲ್ಲಿ ವೇಗದ ವ್ಯತ್ಯಾಸವನ್ನು ಅಳೆಯಲು ಹೊರಟವರು ಮೊದಲೇ ಇದ್ದರು. ಸ್ಕಾರ್ಲೆಟ್ ಎಪ್‌ಸ್ಟೈನ್ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡು ಸೇರಿದವರು. ರಾತ್ರೋರಾತ್ರಿ ಬದಲಾದ ಲೋಕ ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1954ರಲ್ಲಿ ಅವರು ಮಂಡ್ಯದ ಸುತ್ತಲಿನ ಎರಡು ಹಳ್ಳಿಗಳಲ್ಲಿ ಬಂದು ಉಳಿದರು. ತಮ್ಮ ಬರಹದಲ್ಲಿ ಅವಕ್ಕೆ ವಂಗಲ, ದಲೇನ ಎಂದು ಹೆಸರಿಟ್ಟರು. ಕನ್ನಂಬಾಡಿ ಕಟ್ಟೆಯ ನಾಲೆ ವಂಗಲಕ್ಕೆ ನೀರು ತಂದಿತ್ತು. ದಲೇನ ನಾಲೆಗಿಂತ ಎತ್ತರದಲ್ಲಿತ್ತು, ಸುತ್ತ ಹಸಿರಾದರೂ ಅದು ಮಾತ್ರ ಒಣಗಿಯೇ ಉಳಿಯಿತು.

ನೀರು ಬಂದ ಊರು ಬೇಗ ಬದಲಾಗುತ್ತದೆ, ಒಣ ಊರು ಹಾಗೇ ಇರುತ್ತದೆ ಎಂದು ನಾವು ಊಹಿಸುತ್ತೇವೆ. ಎಪ್‌ಸ್ಟೈನ್ ಕಂಡದ್ದು ಹೆಚ್ಚುಕಡಿಮೆ ಉಲ್ಟಾ. ವಂಗಲದಲ್ಲಿ ದುಡ್ಡು ಬಂತು. ರಾಗಿಯ ಜಾಗಕ್ಕೆ ಭತ್ತ, ಕಬ್ಬು ಬಂದವು. 1930ರ ದಶಕದಲ್ಲಿ ಶುರುವಾದ ಮೈಶುಗರ್ ಕಾರ್ಖಾನೆ ಕಬ್ಬು ಕೊಂಡಿತು. ಆದರೆ ಊರಿನ ಸಂಬಂಧಗಳು ಇನ್ನೂ ಗಟ್ಟಿಯಾದವು. ನೀರಾವರಿ ಗದ್ದೆಗೆ ಆಳು ಹೆಚ್ಚು ಬೇಕು, ಹಾಗಾಗಿ ಒಕ್ಕಲಿಗರಿಗೆ ಹಳೆಮಗ, ಅಂದರೆ ತಲೆತಲಾಂತರದಿಂದ ಅವರ ಮನೆಗೆ ದುಡಿಯುವ ದಲಿತ ಆಳು, ಇನ್ನೂ ಹೆಚ್ಚು ಬೇಕಾದ. ಸುಗ್ಗಿಯಲ್ಲಿ ಕಣದಲ್ಲೇ ದವಸ ಅಳೆದು ಕೊಡುವ ಪದ್ಧತಿ ನಿಲ್ಲಲಿಲ್ಲ. ದಲೇನದವರಿಗೆ ಊರೊಳಗೆ ದಾರಿಯಿರಲಿಲ್ಲ, ಹೊರಗೆ ಹೋದರು. ಮಂಡ್ಯದಲ್ಲಿ ಕೆಲಸ ಹಿಡಿದರು, ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ಬೇರೆ ಊರಲ್ಲಿ ನೀರಾವರಿ ಜಮೀನು ಕೊಂಡರು. ಹಾಗೆ ಹೊರಗಿನ ದುಡ್ಡು ಬಂದಾಗ ಒಳಗಿನ ಕಟ್ಟು ಸಡಿಲವಾಯಿತು. ದವಸ ಅಳೆಯುವವರೂ ಇಲ್ಲವಾದರು, ಕಾಯುವವರೂ ಇಲ್ಲವಾದರು. ಊರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆಗೆ ಹುಟ್ಟಿದ ಮನೆತನದ ಉತ್ತರ ಸಾಕಾಗದೆ, ಪಟ್ಟಣದಲ್ಲಿ ಯಾರಿಗೆ ಯಾರು ಗೊತ್ತು ಎಂಬುದೂ ಸೇರಿಕೊಂಡಿತು.

ಎಪ್‌ಸ್ಟೈನ್ 1962ರಲ್ಲಿ ಪುಸ್ತಕ ಬರೆದರು, 1970ರಲ್ಲಿ ಮತ್ತೆ ಬಂದು ಅವೇ ಊರುಗಳನ್ನು ನೋಡಿದರು. ಅರ್ಥಶಾಸ್ತ್ರದವರು ಇದರಿಂದ ಆರಿಸಿಕೊಳ್ಳುವ ಪಾಠ ಒಂದು, ನನಗೆ ಕಾಣುವುದು ಇನ್ನೊಂದು. ವಂಗಲದಲ್ಲಿ ಜೇಬು ಓಡಿತು, ಜಾತಿ ನಿಂತಿತು. ಮೇಲಿನವನಿಗೆ ಅದು ಹಿತವಾದ ಬದಲಾವಣೆ. ಹೊಸ ದುಡ್ಡಿನ ಸುಖ, ಹಳೇ ಮರ್ಯಾದೆಯ ಸುಖ ಎರಡೂ ಸಿಕ್ಕಿದವು. ಕೆಳಗಿನವನಿಗೆ ಮಾತ್ರ ಅದೇ ಹತ್ತು ಹದಿನೈದು ವರ್ಷ, ಬಲ ಪಥ ಹೋಗುವುದನ್ನು ನೋಡುತ್ತ ನಿಂತದ್ದು. ಅಂದರೆ ಬದಲಾವಣೆ ವೇಗವೋ ನಿಧಾನವೋ ಎಂಬುದಕ್ಕೆ ಊರಿಗೆಲ್ಲ ಒಂದೇ ಗಡಿಯಾರ ಇಲ್ಲ. ಹಟ್ಟಿಯಲ್ಲಿ ನಿಂತರೆ ಒಂದು ಸಮಯ, ಜಗಲಿಯಲ್ಲಿ ಕೂತರೆ ಇನ್ನೊಂದು.

ದಲೇನದಲ್ಲೂ ಎಲ್ಲ ಸಿಹಿಯಲ್ಲ. ದವಸದ ಕಟ್ಟು ತಪ್ಪಿದವನಿಗೆ ಬಿಡುಗಡೆ ಸಿಕ್ಕಿತು, ಜತೆಗೆ ಬರಗಾಲದಲ್ಲಿ ಹೋಗಿ ನಿಲ್ಲುವ ಬಾಗಿಲೂ ಮುಚ್ಚಿತು. ಬಿಡುಗಡೆಗೂ ಭಯಕ್ಕೂ ನಡುವೆ ಅಗಲವಾದ ಗೆರೆ ಇರುವುದಿಲ್ಲ.

'ಸ್ವಲ್ಪ ತಾಳ್ಮೆ ಇರಲಿ, ನಿಧಾನಕ್ಕೆ ಎಲ್ಲ ಸರಿ ಹೋಗುತ್ತೆ' ಎಂಬ ಉಪದೇಶ ನಮ್ಮಲ್ಲಿ ಯಾವಾಗಲೂ ಎಡ ಪಥದಲ್ಲಿ ನಿಂತವರಿಗೇ ಯಾಕೆ ಸಿಗುತ್ತದೆ? ಬದಲಾವಣೆಯ ವೇಗದಿಂದ ಮನಸ್ಸಿಗಾಗುವ ನೋವು ಎಂದೊಡನೆ ನಾವು ಮೊಬೈಲು, ಮೆಟ್ರೊ, ಒಂಟಿ ಮುದುಕರು ಎಂದು ಶುರು ಮಾಡುತ್ತೇವೆ. ನಿಧಾನದಿಂದಾಗುವ ನೋವನ್ನು ಆ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ನೇರವಾಗಿ ಇದನ್ನೇ: ಜನವರಿ 26ರಿಂದ ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ, ಇದು ಬಹಳ ಕಾಲ ಹೀಗೇ ನಡೆದರೆ ಪ್ರಜಾಪ್ರಭುತ್ವಕ್ಕೇ ಅಪಾಯ. ಮತದಾನದ ಹಕ್ಕು ಒಂದೇ ದಿನದಲ್ಲಿ ಬಂತು. ದೇವಸ್ಥಾನದ ಹೊಸ್ತಿಲು, ಕ್ಷೌರದ ಅಂಗಡಿಯ ಕುರ್ಚಿ ಇನ್ನೂ ಎಷ್ಟೋ ಊರಲ್ಲಿ ಬಂದಿಲ್ಲ. ಪದವಿ ಮುಗಿಸಿ, ಬೆಂಗಳೂರಲ್ಲಿ ನಾಲ್ಕು ವರ್ಷ ಯಾರ ಹಂಗೂ ಇಲ್ಲದೆ ದುಡಿದು, ಹಬ್ಬಕ್ಕೆ ಊರಿಗೆ ಬಂದ ಹುಡುಗನಿಗೆ ಬಸ್ ಇಳಿದ ಕೂಡಲೇ ದನಿ ತಗ್ಗಿಸಬೇಕಾಗುತ್ತದಲ್ಲ, ಅವನ ಅಪ್ಪ ಅದನ್ನು ಅಭ್ಯಾಸದಿಂದ ಮಾಡುತ್ತಿದ್ದ. ಇವನಿಗೆ ಅದು ಪ್ರತಿ ಸಲ ಹೊಸದಾಗಿ ಮಾಡಬೇಕಾದ ಕೆಲಸ.

ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಆಗ್‌ಬರ್ನ್ 1922ರಲ್ಲಿ ಈ ಹಿಂದುಳಿಯುವಿಕೆಗೆ ಒಂದು ಸಿದ್ಧಾಂತವನ್ನೇ ಕಟ್ಟಿದರು. ಯಂತ್ರ, ಉಪಕರಣ, ವಸ್ತುಗಳು ಮೊದಲು ಬದಲಾಗುತ್ತವೆ. ಅವನ್ನು ಬಳಸುವ ರೀತಿನೀತಿ, ಕಾನೂನು, ಕುಟುಂಬ ಆಮೇಲೆ ಏದುಸಿರು ಬಿಡುತ್ತ ಬರುತ್ತವೆ. ಕಾರ್ಖಾನೆಯ ಯಂತ್ರಗಳು ಬಂದು ಎಷ್ಟೋ ದಶಕ ಕೈಕಾಲು ಕತ್ತರಿಸಿದ ಮೇಲಷ್ಟೇ ಅಮೆರಿಕದಲ್ಲಿ ಕಾರ್ಮಿಕರಿಗೆ ಪರಿಹಾರದ ಕಾನೂನು ಬಂತು ಎಂಬುದು ಅವರ ಉದಾಹರಣೆ. ಒಳ್ಳೆಯ ಸಿದ್ಧಾಂತ. ಆದರೆ ಅದರಲ್ಲಿ ಒಂದು ಭೋಳೇತನವಿದೆ: ಹಿಂದುಳಿದದ್ದು ಇವತ್ತಲ್ಲ ನಾಳೆ ಬಂದು ಸೇರಿಕೊಳ್ಳುತ್ತದೆ ಎಂಬ ನಂಬಿಕೆ.

ಮಂಡ್ಯದಲ್ಲಿ ಹಾಗಾಗಲಿಲ್ಲ. 2023ರ ಕೊನೆಯಲ್ಲಿ ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆ ಜಾಲವನ್ನು ನೆನಪಿಸಿಕೊಳ್ಳಿ. ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಒಂದು ಆಲೆಮನೆಯಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ಜಾಗದಲ್ಲಿ, ಮನುಷ್ಯನ ಕಣ್ಣಿಗೆ ಕಾಣದ್ದನ್ನು ಧ್ವನಿತರಂಗದಲ್ಲಿ ತೋರಿಸುವ ಯಂತ್ರ. ಇಲ್ಲಿ ಹಳೇ ಆಸೆ ಹೊಸ ಯಂತ್ರದ ಹಿಂದೆ ಬಿದ್ದಿಲ್ಲ, ಅದರ ಮೇಲೆ ಹತ್ತಿ ಕೂತಿದೆ. ಗಂಡು ಬೇಕೆಂಬ ಹಂಬಲ ನಿಧಾನದ್ದಲ್ಲ, ಅದಕ್ಕೆ ವೇಗದ ವಾಹನ ಸಿಕ್ಕಿರಲಿಲ್ಲ ಅಷ್ಟೆ.

ಇಸವಿಯೊಂದನ್ನು ಗಮನಿಸಿ: 1994. ಆ ವರ್ಷ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದು, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಕ್ಕೆ ಹಕ್ಕು ಕೊಟ್ಟಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅದೇ 1994ರಲ್ಲಿ ಸಂಸತ್ತು ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆಯನ್ನೂ ಮಾಡಬೇಕಾಯಿತು. ಒಂದು ಕಾಗದ ಮಗಳಿಗೆ ಪಾಲು ಕೊಟ್ಟಿತು, ಇನ್ನೊಂದು ಕಾಗದ ಅವಳು ಹುಟ್ಟಲಿ ಎಂದು ಕೇಳಿಕೊಂಡಿತು.

ಹುಟ್ಟಿದ ಮಗಳು ಆ ಪಾಲನ್ನು ಏನು ಮಾಡುತ್ತಾಳೆ ಎಂದು ನೋಡಬೇಕಾದರೆ ಯಾವುದಾದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಅರ್ಧ ದಿನ ಕೂತರೆ ಸಾಕು. ನಾನು ಬೇರೇನೋ ಕೆಲಸಕ್ಕೆ ಹೋಗಿ ಕೂತಿದ್ದೆ. ಪತ್ರ ಬರೆಯುವವರ ಮೇಜಿನ ಪಕ್ಕ ಒಂದು ಸಂಸಾರ. ಇಬ್ಬರು ಅಣ್ಣಂದಿರು, ಮೂವರು ತಂಗಿಯರು. ತಂಗಿಯರನ್ನು ಕಾರು ಮಾಡಿ ಕರೆಸಿದ್ದಾರೆ, ಎಳನೀರು ಕುಡಿಸಿದ್ದಾರೆ, ಸಂಜೆ ಊರಿಗೆ ಹೋಗಿ ಊಟ ಮಾಡಿಕೊಂಡೇ ಹೋಗಬೇಕು ಎಂಬ ಒತ್ತಾಯ ಬೇರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ದಿನ ಇಷ್ಟು ಉಪಚಾರ ಇರುತ್ತದೆ. ಅರಿಸಿನ ಕುಂಕುಮಕ್ಕೆಂದು ಒಂದು ಮೊತ್ತ, ಒಂದೊಂದು ಸೀರೆ. ನಡುವಿನ ತಂಗಿ, ಟೀಚರ್ ಇರಬೇಕು, ಚಷ್ಮಾ ಹಾಕಿಕೊಂಡು ಪತ್ರವನ್ನು ಪೂರ್ತಿ ಓದಿದಳು. ಉಳಿದವರು ಸುಮ್ಮನೆ ಅವಳನ್ನೇ ನೋಡುತ್ತಿದ್ದರು. ಓದಿ ಮುಗಿಸಿ, "ಸರ್ವೆ ನಂಬರ್ ಒಂದು ತಪ್ಪಾಗಿದೆ ಅಣ್ಣ, ಸರಿ ಮಾಡ್ಸು" ಎಂದಳು. ಸರಿ ಮಾಡಿಸಿದ ಮೇಲೆ ಸಹಿ ಹಾಕಿದಳು.

ಕಾನೂನು ಗೊತ್ತಿಲ್ಲದೆ ಹಾಕಿದ ಸಹಿ ಅದಲ್ಲ. ತಪ್ಪು ಹುಡುಕುವಷ್ಟು ಗೊತ್ತಿತ್ತು. ಪಾಲು ಕೇಳಿದರೆ ತವರು ಹೋಗುತ್ತದೆ, ತವರು ಹೋದರೆ ಗಂಡನ ಮನೆಯಲ್ಲಿ ಬೆನ್ನ ಹಿಂದೆ ಯಾರೂ ಇಲ್ಲದಂತಾಗುತ್ತದೆ, ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ. ಆಸ್ತಿಯ ಹಕ್ಕು ಒಂದೇ ದಿನದಲ್ಲಿ ಬಂತು, ತವರಿಗೆ ಬದಲಿ ಇನ್ನೂ ಬಂದಿಲ್ಲ. ಹಕ್ಕು ಇಲ್ಲದ ಕಾಲದಲ್ಲಿ ಅವಳ ಅವ್ವನಿಗೆ ಈ ಸಂಕಟ ಇರಲಿಲ್ಲ. ಸಿಗದದ್ದಕ್ಕೆ ಬೇಜಾರಿತ್ತೇನೋ, ಸಿಕ್ಕಿದ್ದನ್ನು ತಾನೇ ಬಿಟ್ಟುಕೊಟ್ಟ ನೋವು ಇರಲಿಲ್ಲ. ಈಗ ಸಹಿ ಹಾಕಿದರೆ ತನ್ನ ಮೇಲೆ ತನಗೇ ಸಿಟ್ಟು, ಹಾಕದಿದ್ದರೆ ತಪ್ಪಿತಸ್ಥ ಭಾವನೆ. ಅರ್ಧ ಬಂದ ಬದಲಾವಣೆಯ ಭಾರ ವ್ಯಕ್ತಿಯ ಎದೆ ಮೇಲೆ ಬೀಳುವುದು ಹೀಗೆ. ಮೊದಲು ಊರು ಅನ್ಯಾಯ ಮಾಡುತ್ತಿತ್ತು, ಈಗ 'ಅವಳೇ ಒಪ್ಪಿ ಕೊಟ್ಟಳಲ್ಲ' ಅನ್ನುತ್ತದೆ.

ಇನ್ನು ಅಣ್ಣಂದಿರ ಕಡೆ ಬರೋಣ.

2023ರ ಫೆಬ್ರವರಿಯಲ್ಲಿ, ಹೆದ್ದಾರಿ ಉದ್ಘಾಟನೆಗೆ ಮೂರು ವಾರವೂ ಇಲ್ಲದಾಗ, ಅದೇ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಗಂಡುಮಕ್ಕಳ ಗುಂಪೊಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟಿತು. ನೂರು ಕಿ.ಮೀ.ಗೂ ಹೆಚ್ಚು ದೂರದ ಕಾಲ್ನಡಿಗೆ. ಬಹುತೇಕರು ಮೂವತ್ತು ದಾಟಿದ ರೈತರು. ಮಾದಪ್ಪನಲ್ಲಿ ಬೇಡಿಕೆ ಒಂದೇ, ಹೆಣ್ಣು. ರಾಷ್ಟ್ರೀಯ ಚಾನೆಲ್‌ಗಳವರೆಗೆ ಸುದ್ದಿ ಹೋಯಿತು, ಮೀಮ್‌ಗಳಾದವು, ನಾನೂ ಎರಡು ಫಾರ್ವರ್ಡ್ ಮಾಡಿದೆ. ಆಮೇಲೆ ನಾಚಿಕೆಯಾಯಿತು. ಮೂವತ್ತೈದರ ಗಂಡಸು 'ನನಗೆ ಯಾರೂ ಹೆಣ್ಣು ಕೊಡುತ್ತಿಲ್ಲ' ಎಂದು ಹಾಡಹಗಲು ರಸ್ತೆಯಲ್ಲಿ ನಡೆದುಕೊಂಡು ಹೇಳುವುದು ನಮ್ಮ ಕಡೆ ಸಣ್ಣ ವಿಷಯವಲ್ಲ. ಸಾಲವನ್ನು ಹೇಳಿಕೊಳ್ಳುತ್ತಾರೆ, ಇದನ್ನು ಹೇಳಿಕೊಳ್ಳುವುದಿಲ್ಲ.

ಹುಡುಗಿಯರು ಸೊಕ್ಕಿನಿಂದ ರೈತರನ್ನು ಒಲ್ಲೆ ಅಂತಾರೆ ಎಂಬ ವಿವರಣೆ ಊರಲ್ಲಿ ಚಾಲ್ತಿಯಲ್ಲಿದೆ. ಅದು ಸೋಮಾರಿ ವಿವರಣೆ. ಹುಡುಗಿಯರನ್ನು ಓದಿಸಿದವರು ಅವ್ವಂದಿರು. 'ನನ್ನ ಹಾಗೆ ನೀನೂ ಕೊಟ್ಟಿಗೆ ಬಾಚಬೇಡ' ಎಂದು ಬೆಳಿಗ್ಗೆ ಐದಕ್ಕೆ ಎದ್ದು ಡೇರಿಗೆ ಹಾಲು ಹಾಕಿ, ಆ ದುಡ್ಡಲ್ಲಿ ಕಾಲೇಜಿನ ಫೀಸು ಕಟ್ಟಿದರು. ಒಂದೇ ತಲೆಮಾರಿನಲ್ಲಿ ಮಗಳ ಬದುಕಿನ ಅಳತೆಗೋಲು ಬದಲಾಯಿತು. ಮಗನಿಗೆ ಹೇಳಿದ್ದೇ ಬೇರೆ: 'ಎರಡೆಕರೆ ಗದ್ದೆ ಅದೆ, ನಿಂಗೇನ್ ಕಮ್ಮಿ.' ಅವನು ಅದನ್ನು ನಂಬಿದ. ನಾಲೆ ನೀರಿದ್ದ ಗದ್ದೆ ಎಂದರೆ ಅವನ ಅಜ್ಜನ ಕಾಲದಲ್ಲಿ ಹೆಣ್ಣು ಹೆತ್ತವರು ಹುಡುಕಿಕೊಂಡು ಬರುತ್ತಿದ್ದ ಆಸ್ತಿ. ವಂಗಲದ ಹಮ್ಮು ಅದು. ಅಂಥ ಮನೆಯ ಮೊಮ್ಮಗ ಎಲ್ಲ ಸರಿಯಾಗೇ ಮಾಡಿದ: ಊರು ಬಿಡಲಿಲ್ಲ, ಅಪ್ಪ ಅವ್ವನನ್ನು ನೋಡಿಕೊಂಡ, ಭೂಮಿ ಮಾರಲಿಲ್ಲ. ಆಟದ ನಿಯಮ ನಡುವೆಯೇ ಬದಲಾಗಿದ್ದನ್ನು ಅವನಿಗೆ ಯಾರೂ ಹೇಳಲಿಲ್ಲ. ಇತ್ತ ಮೈಶುಗರ್ ಕೆಲವು ವರ್ಷ ನಿಂತೇ ಹೋಗಿತ್ತು, ಮತ್ತೆ ಕಬ್ಬು ಅರೆಯಲು ಶುರು ಮಾಡಿದ್ದು 2022ರಲ್ಲಿ. ಅವನು ಹುಟ್ಟಿದ ಆಸುಪಾಸಿನ ವರ್ಷಗಳಲ್ಲಿ ಸ್ಕ್ಯಾನಿಂಗ್ ಕೋಣೆಗಳಲ್ಲಿ ಏನಾಯಿತೋ ಅದರ ಲೆಕ್ಕವನ್ನೂ ಈಗ ಅವನೇ ತೀರಿಸುತ್ತಿದ್ದಾನೆ. ಮಾಡಿದ್ದು ಅವನಲ್ಲ.

ಇದರಲ್ಲಿ ಒಂದು ಕಹಿ ತಮಾಷೆ ಇದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅವ್ವ ಮಗಳಿಗೆ ಬಂದ ಮೂರು ರೈತ ಸಂಬಂಧಗಳನ್ನು ತಾನೇ ಬೇಡವೆಂದಳು, ಸಾಫ್ಟ್‌ವೇರ್ ಕೆಲಸದವನಿಗೆ ಕೊಟ್ಟಳು. ಅದೇ ಅವ್ವ ಈಗ ಮಗನಿಗೆ ಹೆಣ್ಣು ಸಿಗದೆ ಕಂಡಕಂಡ ದೇವರಿಗೆ ಹರಕೆ ಹೊರುತ್ತಿದ್ದಾಳೆ. ಅವಳಿಗೆ ಇದು ವಿರೋಧಾಭಾಸ ಅನ್ನಿಸಿಲ್ಲ. ಮಗಳ ವಿಷಯದಲ್ಲಿ ಅವಳು 2020ರಲ್ಲಿ ಬದುಕುತ್ತಾಳೆ, ಮಗನ ವಿಷಯದಲ್ಲಿ 1970ರಲ್ಲಿ. ಹಾಗೆ ನೋಡಿದರೆ ನಾವೆಲ್ಲ ಒಂದಲ್ಲ ಒಂದು ವಿಷಯದಲ್ಲಿ ಹೀಗೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದ ಹೆಂಗಸರಿಗೆ ಸರಾಸರಿ 1.7 ಮಕ್ಕಳು, ಯುರೋಪಿನ ಕೆಲವು ದೇಶಗಳ ಲೆಕ್ಕಕ್ಕೆ ಹತ್ತಿರ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಐವರು ಹೆಂಗಸರಲ್ಲಿ ಒಬ್ಬಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಒಂದೇ ರಾಜ್ಯ, ಒಂದೇ ವರದಿ.

ಮೊದಲಾದರೆ ಬಲ ಪಥ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಬೆಂಗಳೂರಲ್ಲಿ ಯಾರು ಹೇಗಿದ್ದಾರೆ ಎಂಬುದು ಹಬ್ಬಕ್ಕೆ ಬಂದಾಗ ತಿಳಿಯಬೇಕಿತ್ತು. 2016ರ ನಂತರ ಡೇಟಾ ಅಗ್ಗವಾಯಿತು, ಹೊಲದ ಬದುವಿನ ಮೇಲೆ ಕೂತವನ ಅಂಗೈಗೇ ಇನ್ನೊಬ್ಬರ ಹನಿಮೂನ್ ಬಂತು. ಫ್ರೆಂಚ್ ಸಮಾಜಶಾಸ್ತ್ರಜ್ಞ ದುರ್ಖೇಮ್ 1897ರಲ್ಲೇ ಹೇಳಿದ್ದರು: ಕಷ್ಟಕಾಲವೊಂದೇ ಅಲ್ಲ, ಇದ್ದಕ್ಕಿದ್ದ ಹಾಗೆ ಬರುವ ಸಿರಿಯೂ ಮನುಷ್ಯನನ್ನು ಕಂಗೆಡಿಸುತ್ತದೆ, ಯಾಕೆಂದರೆ ಎಷ್ಟಕ್ಕೆ ಸಾಕು ಎಂದು ಹೇಳುತ್ತಿದ್ದ ಕಟ್ಟಳೆಗಳು ಕುಸಿಯುತ್ತವೆ. ತನಗೆ ಬಾರದ ಸಿರಿಯೂ ದಿನಕ್ಕೆ ನೂರು ಸಲ ಕಣ್ಣಿಗೆ ಬಿದ್ದರೆ ಅದೇ ಕೆಲಸ ಮಾಡುತ್ತದೆ ಎಂಬುದು ನನ್ನ ಸೇರ್ಪಡೆ.

ವೇಗದ ಬದಲಾವಣೆಗೆ ಮನಸ್ಸು ಸಂತೋಷದಿಂದ ಒಗ್ಗಿದ್ದಕ್ಕೂ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲೇ ಸಾಕ್ಷಿ ಸಿಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು, ಅವತ್ತಿನಿಂದಲೇ ಹೆಂಗಸರು ಆಧಾರ್ ಕಾರ್ಡ್ ಹಿಡಿದು ಬಸ್ ಹತ್ತಿದರು. ಯಾರಿಗೂ ತರಬೇತಿ ಬೇಕಾಗಲಿಲ್ಲ, ಯಾರ ತಲೆಯೂ ಕೆಡಲಿಲ್ಲ. ಕೆಟ್ಟದ್ದು ಹೆಂಡತಿ ಹೇಳದೆ ಕೇಳದೆ ಧರ್ಮಸ್ಥಳಕ್ಕೆ ಹೋದಳು ಎಂದು ವಾಟ್ಸಾಪಿನಲ್ಲಿ ಜೋಕು ಕಳಿಸುತ್ತಿದ್ದ ಗಂಡಸರದು. ಗೃಹಲಕ್ಷ್ಮಿಯ ಎರಡು ಸಾವಿರ ಬರುವ ಮುಂಚೆಯೇ ಅದು ಅತ್ತೆಗೋ ಸೊಸೆಗೋ ಎಂಬ ಜಗಳ ಬಂತು. ಮನೆಯ ಯಜಮಾನಿ ಯಾರು ಎಂಬ ಪ್ರಶ್ನೆಯನ್ನು ನಮ್ಮ ಕುಟುಂಬಗಳು ಎಂದೂ ಬಾಯಿಬಿಟ್ಟು ಕೇಳಿಕೊಂಡಿರಲಿಲ್ಲ. ಅರ್ಜಿ ನಮೂನೆ ಕೇಳಿಬಿಟ್ಟಿತು.

ಮುದುಕರ ವಿಷಯ ಬೇರೆ. ನ್ಯಾಯಬೆಲೆ ಅಂಗಡಿಯಲ್ಲಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ, ಅದು ತಗೊಳ್ಳದೆ, ಸೆರಗಿನಲ್ಲಿ ಒರೆಸಿ ಮತ್ತೆ ಒತ್ತುವ ಅಜ್ಜಿಯನ್ನು ನೀವೂ ನೋಡಿರುತ್ತೀರಿ. ಅರುವತ್ತು ವರ್ಷ ಕಳೆ ಕಿತ್ತ, ರಾಗಿ ಬೀಸಿದ ಬೆರಳಿನ ಗೆರೆ ಸವೆದಿದೆ. ಕೆಲಸ ಮಾಡಿದ್ದೇ ಗುರುತು ಅಳಿಸಿದ ಹಾಗಾಯಿತು. ಅಕ್ಕಿ ಹೇಗೋ ಸಿಗುತ್ತದೆ, ಅಂಗಡಿಯವನಿಗೆ ಅಜ್ಜಿ ಗೊತ್ತು. ಆದರೆ ಇಡೀ ಊರಿಗೆ ಗೊತ್ತಿರುವ ತಾನು ಒಂದು ಯಂತ್ರಕ್ಕೆ ಗೊತ್ತಿಲ್ಲ ಎಂಬುದನ್ನು ಅವಳು ಸಾಲಿನ ಮುಂದೆ ನಿಂತು ಒಪ್ಪಿಕೊಳ್ಳಬೇಕು.

ಇವೆಲ್ಲ ಡಾಕ್ಟರ ಹತ್ತಿರ ಹೋದಾಗ ಯಾವ ಹೆಸರಿನಲ್ಲಿ ಹೋಗುತ್ತವೆ? ನಮ್ಮ ಕಡೆ ಉತ್ತರ ಒಂದೇ: ಗ್ಯಾಸ್. ಎದೆ ಹಿಡಿದಂಗಾಗ್ತದೆ, ಗ್ಯಾಸ್. ರಾತ್ರಿ ನಿದ್ದೆ ಇಲ್ಲ, ಗ್ಯಾಸ್. ಮೈಯೆಲ್ಲ ಸುಸ್ತು, ತಲೆ ಭಾರ, ಯಾವುದರ ಮೇಲೂ ಮನಸ್ಸಿಲ್ಲ, ಎಲ್ಲಕ್ಕೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. 'ಬೇಜಾರು' ಅಂದರೆ ಯಾರೂ ಕೇಳುವುದಿಲ್ಲ, 'ಗ್ಯಾಸ್' ಅಂದರೆ ಮಗ ಬೈಕ್ ತೆಗೆಯುತ್ತಾನೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮಾನಸಿಕ ತೊಂದರೆಯಿದ್ದ ವಯಸ್ಕರ ಪ್ರಮಾಣ ಹಳ್ಳಿಗಳಿಗಿಂತ ಮಹಾನಗರಗಳಲ್ಲಿ ಸಾಕಷ್ಟು ಹೆಚ್ಚು ಎಂದು ಬಂತು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಹಳ್ಳಿಯಲ್ಲಿ ನೆಮ್ಮದಿ ಇದೆ ಎಂದು ಈ ಅಂಕಿ ಹಿಡಿದು ಹೇಳುವವರಿಗೆ ನನ್ನದೊಂದೇ ಪ್ರಶ್ನೆ: ಗ್ಯಾಸ್ ಮಾತ್ರೆಯನ್ನು ಎಣಿಸಿದ್ದೀರಾ? ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಸಾಮಾನ್ಯ ವೈದ್ಯರೇ ಮಾನಸಿಕ ಕಾಯಿಲೆ ಗುರುತಿಸುವಂತೆ ತರಬೇತು ಮಾಡುವ ಪ್ರಯೋಗ ಬಳ್ಳಾರಿಯಲ್ಲಿ ನಡೆದು, ಆಮೇಲೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 14416 ಎಂಬ ಟೆಲಿ ಮಾನಸ್ ಸಂಖ್ಯೆ 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೂ ಮಾತಾಡಬಹುದು. ನಮ್ಮೂರಿನ ಹಾಲಿನ ಡೇರಿ ಗೋಡೆಯ ಮೇಲೆ ಎಮ್ಮೆಗೆ ಲಸಿಕೆ ಹಾಕಿಸುವ ತಾರೀಖು ಬರೆದಿದ್ದಾರೆ, ಈ ನಂಬರು ಬರೆದಿಲ್ಲ.

ಹಾಗಂತ ಇದೆಲ್ಲ ಆಸ್ಪತ್ರೆಯ ಕೆಲಸ ಎಂದೂ ನಾನು ಹೇಳಲಾರೆ. ಅಂಡರ್‌ಪಾಸ್ ಎಲ್ಲಿ ಬರಬೇಕು ಎಂದು ಆಚೆ ಗದ್ದೆಯಿರುವವನನ್ನು ಮೊದಲೇ ಕೇಳಿದ್ದರೆ ಅವನಿಗೆ ಈಗಿನಷ್ಟು ಕಹಿ ಇರುತ್ತಿರಲಿಲ್ಲ. ರಸ್ತೆ ಇಷ್ಟೇ ವೇಗದ್ದಾಗಿರುತ್ತಿತ್ತು. ಕೇಳುವುದಕ್ಕೆ ಸಿಮೆಂಟು ಬೇಕಿಲ್ಲ. ಮಗಳನ್ನು ಓದಿಸಿದ ಹಾಗೆ ಮಗನಿಗೆ ಅಡುಗೆ, ಕೊಟ್ಟಿಗೆ, ಪಾತ್ರೆ ಕಲಿಸಿದ್ದರೆ ಮಾದಪ್ಪನ ಬೆಟ್ಟಕ್ಕೆ ಹೊರಟವರಲ್ಲಿ ನಾಲ್ಕು ಜನ ಕಮ್ಮಿಯಾಗುತ್ತಿದ್ದರೇನೋ. ರೈತನನ್ನು ಒಲ್ಲೆ ಎನ್ನುವ ಹುಡುಗಿಯರು ಒಲ್ಲೆ ಎನ್ನುವುದು ಬಹುಪಾಲು ರೈತನ ಮನೆಯ ದಿನಚರಿಯನ್ನು. ಬೆಟ್ಟಕ್ಕೆ ಹೋದವರಲ್ಲಿ ಯಾರಾದರೂ ಇದನ್ನು ಮಾದಪ್ಪನ ಹತ್ತಿರ ಮಾತಾಡಿದರೋ ಇಲ್ಲವೋ.

ಟ್ರ್ಯಾಕ್ಟರಿಗೆ ಜಾಕಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಡ್ರೈವರಿನ ಫೋನಿಗೆ ವಿಡಿಯೊ ಕಾಲ್ ಬಂತು, ಬೆಂಗಳೂರಿಂದ ಮಗಳು. ಅವಳು ಮುಂದಿನ ಶನಿವಾರ ಗಂಡನ ಜತೆ ಮೈಸೂರಿಗೆ ಹೋಗುತ್ತಾಳಂತೆ, ಟೈಮಿಲ್ಲ, ಊರಿಗೆ ಇಳಿಯೋಕಾಗಲ್ಲ. "ಆಯ್ತು ಕಣವ್ವ, ಹುಷಾರಾಗಿ ಹೋಗಿ. ಎಷ್ಟೊತ್ತಿಗೆ ಇಲ್ಲಿ ಬತ್ತೀರಿ ಅಂತ ಒಂದು ಮೆಸೇಜ್ ಹಾಕು" ಎಂದ. ಫೋನು ಜೇಬಿಗಿಟ್ಟು, ನನ್ನ ಕಡೆ ತಿರುಗಿ, ಬೇಲಿ ಕಡೆ ಕೈ ತೋರಿಸಿದ. "ಇಲ್ಲೇ ನಿಂತ್ಕಂಡಿರ್ತೀನಿ. ಅವ್ರ ಕಾರು ಬಿಳೀದು."